ಕಾಲು ಹಿಡಿಯುವ ಕೈ

ನನ್ನ ಸ್ಟೂಲಿನ ಮೇಲೆ ನನ್ನ ತಂಗಿಯನ್ನು ಕೂರಿಸಿದರು. ಕಾಲು ಹಿಡಿಯುವುದು ಹೇಗೆಂದು ಅವಳಿಗೆ ನಾನೇ ಹೇಳಿಕೊಡಬೇಕಾಯಿತು.

ನಾನು ಚಪ್ಪಲಿ ಅಂಗಡಿಯ ಕೆಲಸದವಳು. ಹನ್ನೊಂದು ವರ್ಷ ಗಿರಾಕಿಗಳ ಕಾಲ ಬುಡದಲ್ಲಿ ಕೂತು ಶೂ ಹಾಕಿಸಿದ್ದೇನೆ. ಕಂಡವರ ಕಾಲು ಹಿಡಿದು ಬದುಕುವವಳು ಎಂದು ನೆಂಟರು ಆಡಿಕೊಂಡರು. ಹೌದು, ಹಿಡಿದೇ ಬದುಕಿದೆ. ಅವರೂ ಅವರಿವರ ಕಾಲು ಹಿಡಿಯುವವರೇ. ನಾನು ಹಿಡಿದರೆ ಒಂದು ಜೊತೆ ಶೂ ಆದರೂ ಮಾರಾಟವಾಗುತ್ತಿತ್ತು.

ಕೆಲಸ ಹೇಳುತ್ತೇನೆ ಕೇಳಿ. ಗಿರಾಕಿ ಬೆಂಚಿನ ಮೇಲೆ ಕೂರುತ್ತಾರೆ. ನಾನು ಮೊಣಕಾಲೆತ್ತರದ ಸ್ಟೂಲಿನ ಮೇಲೆ. ಅವರ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಳ್ಳುತ್ತೇನೆ. ಬೆವರು, ಆಣಿ, ಒಡೆದ ಹಿಮ್ಮಡಿ, ಸೊಟ್ಟ ಉಗುರು, ಯಾವುದಕ್ಕೂ ಮುಖ ಸಿಂಡರಿಸಬಾರದು. ಎರಡು ಕಾಲು ಒಂದೇ ಸಮ ಇರುವವರು ಕಡಿಮೆ; ದೊಡ್ಡದನ್ನು ಅಳೆಯಬೇಕು. ಶೂ ತೊಡಿಸಿ ಕಾಲ್ಬೆರಳ ತುದಿಯಲ್ಲಿ ನನ್ನ ಹೆಬ್ಬೆರಳಿಂದ ಒತ್ತಿ ನೋಡುತ್ತೇನೆ. ಅಲ್ಲಿ ಒಂದು ಹೆಬ್ಬೆರಳಗಲ ಜಾಗ ಇರಬೇಕು. ಆಮೇಲೆ ಹೇಳುತ್ತೇನೆ, "ಎದ್ದು ನಾಲ್ಕು ಹೆಜ್ಜೆ ನಡೀರಿ."

ಅವರು ನಡೆಯುತ್ತಾರೆ. ಮೂರನೇ ಹೆಜ್ಜೆಗೆ ಮುಖ ಬದಲಾಗುತ್ತದೆ. ಭುಜ ಇಳಿಯುತ್ತದೆ. ಎಷ್ಟೋ ವರ್ಷದಿಂದ ಕಚ್ಚುವ ಚಪ್ಪಲಿಯಲ್ಲಿ ನಡೆದು ಅದೇ ಸರಿ ಎಂದುಕೊಂಡವರು ತಿರುಗಿ ನನ್ನನ್ನು ನೋಡುತ್ತಾರೆ. ಆ ನೋಟಕ್ಕಾಗಿ ನಾನು ಹನ್ನೊಂದು ವರ್ಷ ಬೆನ್ನು ಬಗ್ಗಿಸಿದೆ. ಸೊಂಟ ಹಿಡಿದುಕೊಂಡ ದಿನವೂ ಎದ್ದು ಹೋದೆ. ಜ್ವರ ಬಂದ ದಿನವೂ ಹೋದೆ.

ಹೋದ ವರ್ಷ ಬಲಗೈ ಬೆರಳ ತುದಿಗಳು ಬೆಳ್ಳಗಾದವು. ಸೋಪಿಗೆ ಇರಬೇಕು ಎಂದುಕೊಂಡೆ. ಆಮೇಲೆ ಎಡಗೈ. ಆಮೇಲೆ ತುಟಿಯ ಅಂಚು. ಡಾಕ್ಟರು ತೊನ್ನು ಎಂದರು. ನೋಯುವುದಿಲ್ಲ, ಅಂಟುವುದಿಲ್ಲ, ಇದರಿಂದ ಯಾರೂ ಸಾಯುವುದಿಲ್ಲ ಎಂದರು. ಇದನ್ನು ಹೊತ್ತು ಬದುಕುವುದು ಹೇಗೆ ಎಂದು ಹೇಳಲಿಲ್ಲ. ಅದು ಅವರ ಕೈಯಲ್ಲಿಲ್ಲ.

ಒಂದು ಭಾನುವಾರ ಒಬ್ಬಳು ಗಿರಾಕಿ ತನ್ನ ಕಾಲನ್ನು ನನ್ನ ತೊಡೆಯ ಮೇಲಿಂದ ಕೆಂಡ ಮುಟ್ಟಿದವಳ ಹಾಗೆ ಎಳೆದುಕೊಂಡಳು. "ಬೇರೆ ಯಾರೂ ಇಲ್ವಾ ಇಲ್ಲಿ?" ಎಂದು ಕೂಗಿದಳು. ಅಂಗಡಿಯೆಲ್ಲ ತಿರುಗಿ ನೋಡಿತು. ನಾನು ನನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡೆ, ಕದ್ದವಳ ಹಾಗೆ.

ಮಾರನೇ ದಿನ ಮ್ಯಾನೇಜರು ಕರೆದರು. "ಕೆಳಗೆ ಗೋಡೌನ್‌ನಲ್ಲಿ ಇರಿ. ಸಂಬಳ ಅಷ್ಟೇ ಇರುತ್ತೆ. ಕಷ್ಟ ಏನು?"

"ನಾನೇನು ತಪ್ಪು ಮಾಡಿದೆ ಸಾರ್?"

"ತಪ್ಪು ಅಂತ ಯಾರಂದ್ರು? ಗಿರಾಕಿ ಕಣ್ಣಿಗೆ ಬೀಳೋದು ಬೇಡ ಅಷ್ಟೆ." ಮತ್ತೆ ಹೇಳಿದರು, "ನಿಮ್ಮ ತಂಗಿ ಲಾಂಡ್ರಿಲಿ ಬಟ್ಟೆ ಒಗೀತಾಳಂತಲ್ಲ? ಅವಳನ್ನ ಕಳಿಸಿ. ಮುಖ ನಿಮ್ಮದೇ. ಕಲೆ ಇಲ್ಲ."

ಒಡಹುಟ್ಟಿದವಳ ಹೊಟ್ಟೆಗೆ ನಾನು ಅಡ್ಡ ನಿಲ್ಲಲೇ? ಕಳಿಸಿದೆ. ನನ್ನ ತೊಡೆಯ ಮೇಲೆ ನನ್ನದೇ ಇನ್ನೊಂದು ಕಾಲನ್ನಿಟ್ಟು ತೋರಿಸಿಕೊಟ್ಟೆ. ಅವಳು ಎರಡೇ ದಿನದಲ್ಲಿ ಕಲಿತಳು. ಮೂರು ದಿನ ಹಿಡಿದಿದ್ದರೆ ನನಗೆ ಒಂಚೂರು ಸಮಾಧಾನವಾಗುತ್ತಿತ್ತು.

ಗೋಡೌನ್ ಅಂಗಡಿಯ ಕೆಳಗಿದೆ. ಕಿಟಕಿ ಇಲ್ಲ. ಛಾವಣಿವರೆಗೂ ಡಬ್ಬಗಳು. ಮೇಲಿನ ಕೌಂಟರಿನ ಹಿಂದೆ ನೆಲದಲ್ಲಿ ಒಂದು ಚೌಕದ ಕಿಂಡಿ, ಅದರಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತದೆ. ಮೇಲಿಂದ ಕೂಗುತ್ತಾರೆ, "ಕಪ್ಪು, ಆರು!" ಏಣಿ ಹತ್ತಿ, ಡಬ್ಬ ಹುಡುಕಿ, ಇಳಿದು, ಬುಟ್ಟಿಗೆ ಹಾಕಿ ಹಗ್ಗ ಜಗ್ಗಬೇಕು. ದಿನಕ್ಕೆ ಇನ್ನೂರು ಸಲ ಏಣಿ. ಮಂಡಿ ಚಿಪ್ಪು ಕಳಚಿ ಬೀಳುವುದೊಂದು ಬಾಕಿ. ಧೂಳು ಮೂಗಿನಲ್ಲಿ ಕಪ್ಪಗೆ ಕಟ್ಟಿಕೊಳ್ಳುತ್ತದೆ.

ಅಲ್ಲಿ ನನ್ನ ಜೊತೆ ಒಬ್ಬರೇ ಇದ್ದರು. ಎಲ್ಲರೂ ತಾತ ಎನ್ನುತ್ತಾರೆ. ಇಪ್ಪತ್ತಾರು ವರ್ಷದಿಂದ ಕೆಳಗೇ ಇದ್ದಾರೆ. ಮೊದಲ ವಾರ ಅವರು ಡಬ್ಬ ಎಸೆಯುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ತಾತ, ಹಾಗೆ ಎಸೆದ್ರೆ ಹಿಮ್ಮಡಿ ಮಡಚಿಕೊಳ್ಳುತ್ತೆ. ಹಾಕ್ಕೊಂಡವರಿಗೆ ಕಚ್ಚುತ್ತೆ."

"ಯಾರಿಗೆ?"

"ಗಿರಾಕಿಗೆ."

"ನಾನು ಅಂಥೋರನ್ನ ನೋಡೇ ಇಲ್ಲ ಕಣಮ್ಮ," ಎಂದರು ತಾತ. "ಇಪ್ಪತ್ತಾರು ವರ್ಷ ಆಯ್ತು. ನನ್ನ ಕೈಯಿಂದ ಹೋದ ಶೂ ಒಂದು ಕಾಲಿಗೆ ಏರಿದ್ದನ್ನ ನಾನು ಕಂಡಿಲ್ಲ. ನನಗೆ ಇದು ಚಪ್ಪಲಿನೂ ಅಲ್ಲ, ಶೂನೂ ಅಲ್ಲ. ಡಬ್ಬ."

ನಾನು ನಕ್ಕೆ. ಆರು ತಿಂಗಳು ಕಳೆಯುವಷ್ಟರಲ್ಲಿ ನಾನೂ ಎಸೆಯತೊಡಗಿದೆ. ಬೆಳಿಗ್ಗೆ ಎದ್ದರೆ ಕಾಲೇ ಏಳುತ್ತಿರಲಿಲ್ಲ. ತಲೆನೋವು ಎಂದು ಎರಡು ದಿನ ಮಲಗಿದೆ. ತಿಂಗಳಿಗೊಮ್ಮೆ ಮ್ಯಾನೇಜರು ಮೆಟ್ಟಿಲ ಮೇಲೆ ನಿಂತು ಬಗ್ಗಿ, ಮೂಗಿಗೆ ಕರವಸ್ತ್ರ ಹಿಡಿದು, "ಮೇಲಿನವರಿಗಿರೋ ಹುರುಪು ನಿಮಗ್ಯಾಕಿಲ್ಲ?" ಎಂದು ಕೇಳುತ್ತಿದ್ದರು. ಕೇಳಿ ಉತ್ತರಕ್ಕೆ ಕಾಯದೆ ಹೋಗುತ್ತಿದ್ದರು.

ಕಿಂಡಿಯಿಂದ ಮಾತು ಕೆಳಗೆ ಬೀಳುತ್ತಿತ್ತು. ಅದೇ ನನ್ನ ಕರ್ಮ. ಬೆಳಕು ಇಲ್ಲ, ಮುಖ ಇಲ್ಲ, ಬರೀ ಮಾತು. "ಥ್ಯಾಂಕ್ಸಮ್ಮ, ಹೂವಿನ ಮೇಲೆ ನಡೆದ ಹಾಗಿದೆ." ನನ್ನ ತಂಗಿಗೆ. "ನಿನ್ನ ಕೈಗುಣ ಚೆನ್ನಾಗಿದೆ." ನನ್ನ ತಂಗಿಗೆ. ನಾನು ಏಣಿಯ ಮೇಲೆ ಡಬ್ಬ ಹಿಡಿದು ನಿಂತು ಹಲ್ಲು ಕಡಿಯುತ್ತಿದ್ದೆ. ಆ ಶೂ ಹುಡುಕಿದ್ದು ಯಾರು? ಏಳು ಎಂದು ಕೂಗಿದಾಗ ಈ ಮಾದರಿ ಬಿಗಿ ಎಂದು ತಿಳಿದು ಏಳೂವರೆ ಕಳಿಸಿದ್ದು ಯಾರು?

ಮನೆಯಲ್ಲಿ ನಾವಿಬ್ಬರೇ, ಒಂದೇ ಕೋಣೆ. ಊಟಕ್ಕೆ ಕೂತರೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ. "ಅಕ್ಕ, ಇವತ್ತೊಬ್ಬರು ಅಜ್ಜ ಬಂದಿದ್ರು, ಹೊಸ ಶೂ ಹಾಕ್ಕೊಂಡು ಅಂಗಡಿಲೇ ಕುಣಿದ್ರು." ಮೊದಲು ಅಂಥ ಕಥೆ ತರುತ್ತಿದ್ದವಳು ನಾನು. ಕೇಳುತ್ತಿದ್ದವಳು ಅವಳು, ಲಾಂಡ್ರಿಯ ನೀರಿನಲ್ಲಿ ನೆನೆದು ಬಿರುಕುಬಿಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಆಗ ಅವಳಿಗೆ ಹೇಗಾಗಿತ್ತೋ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಈಗಲೂ ಯೋಚಿಸಲಿಲ್ಲ. ನನ್ನ ಹೊಟ್ಟೆಯ ಉರಿಗೇ ನನಗೆ ಪುರಸೊತ್ತಿರಲಿಲ್ಲ. ಅವಳ ಕೈಗಳು ಆರು ತಿಂಗಳಲ್ಲಿ ನುಣ್ಣಗಾಗಿದ್ದವು. ಅವನ್ನೇ ನೋಡುತ್ತಾ ಅನ್ನ ನುಂಗುತ್ತಿದ್ದೆ.

ಅಂಗಡಿಯಲ್ಲಿ ಒಂದು ಹೊಸ ಪದ್ಧತಿ ತಂದರು. ಗಿರಾಕಿಗಳು ಚೀಟಿಯಲ್ಲಿ ಒಳ್ಳೆ ಮಾತು ಬರೆದು ಹಾಕುವುದು. ಹೆಚ್ಚು ಚೀಟಿ ಬಂದವರ ಫೋಟೋ ಒಂದು ತಿಂಗಳು ಗೋಡೆಯ ಮೇಲೆ. ಕೆಳಗಿನವರಿಗೆ ಚೀಟಿ ಎಲ್ಲಿಂದ ಬರಬೇಕು? ಎರಡನೇ ತಿಂಗಳು ಒಂದು ಬೆಳಿಗ್ಗೆ ಒಳಗೆ ಬರುತ್ತಿದ್ದಂತೆ ನೋಡಿದೆ. ಗೋಡೆಯ ಮೇಲೆ ನನ್ನ ಮುಖ ಇತ್ತು. ನನ್ನ ಮೂಗು, ನನ್ನ ಹಣೆ, ಕಲೆಯಿಲ್ಲದ ತುಟಿ. ತಂಗಿ ನಗುತ್ತಿದ್ದಳು.

ಅಂದು ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಅವಳು ಮೇಲಿಂದ "ಕಂದು, ಏಳು!" ಎಂದು ಕೂಗಿದಳು. ನಾನು ಎಡಗಾಲಿನದು ಏಳು, ಬಲಗಾಲಿನದು ಆರು ಹಾಕಿ ಕಳಿಸಿದೆ. ಬೇಕೆಂದೇ ಮಾಡಿದೆ. ಕಿಂಡಿಯ ಕೆಳಗೆ ನಿಂತು ಕಾದೆ. ಗಿರಾಕಿಯೊಬ್ಬ ಸಿಡುಕಿದ. "ಬಲಗಾಲು ಹೋಗ್ತಾನೇ ಇಲ್ಲ, ತಳ್ತಾನೇ ಇದ್ದೀಯಲ್ಲ! ಕಣ್ಣು ಎಲ್ಲಿಟ್ಟಿದ್ದೀಯಾ?" ಮ್ಯಾನೇಜರು ಓಡಿ ಬಂದ ಸದ್ದಾಯಿತು. ಎಲ್ಲರೆದುರಿಗೆ ಬೈದರು. "ಸೈಜ್ ಓದೋಕೆ ಬರಲ್ವಾ? ಲಾಂಡ್ರಿಗೇ ವಾಪಸ್ ಹೋಗ್ತೀಯಾ?"

ಒಂದು ಕ್ಷಣ ಬಾಯಿಗೆ ಸಕ್ಕರೆ ಹಾಕಿದ ಹಾಗಾಯಿತು. ಇನ್ನು ಡಬ್ಬದಲ್ಲೇ ತಪ್ಪಿತ್ತು ಎಂದು ಅವಳು ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. "ತಪ್ಪಾಯ್ತು ಸಾರ್," ಎಂದಳು.

ಮನೆಗೆ ಬಂದು ಕೇಳಿದೆ, "ಡಬ್ಬ ಬೆರಕೆ ಆಗಿತ್ತು ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ಕೆಳಗಿನ ಕೆಲಸಾನೂ ಹೋಗ್ತಿತ್ತು," ಎಂದಳು. ಅಷ್ಟೇ. ತಟ್ಟೆ ತೊಳೆಯಲು ಎದ್ದು ಹೋದಳು.

ಅವಳು ಕೂಗಾಡಿದ್ದರೆ ನನ್ನ ಉರಿ ಆರುತ್ತಿತ್ತು. ಅವಳ ಒಳ್ಳೆಯತನ ಅದಕ್ಕೆ ಎಣ್ಣೆ ಹೊಯ್ಯಿತು. ಒಳ್ಳೆಯವಳಾಗಿರುವುದೂ ಈಗ ಅವಳ ಪಾಲಿಗೇ ಹೋಯಿತಲ್ಲ ಎನ್ನಿಸಿತು.

ಇದಾಗಿ ಎರಡು ವಾರ. ಮಧ್ಯಾಹ್ನ. ಏಣಿಯ ಅರ್ಧದಲ್ಲಿದ್ದೆ. ಮೇಲಿಂದ ಒಂದು ದಪ್ಪ ದನಿ ಇಳಿಯಿತು. ಥಟ್ಟನೆ ಗುರುತು ಹತ್ತಿತು. ಹಾಸ್ಟೆಲಿನ ಅಡುಗೆಯಮ್ಮ. ವರ್ಷಕ್ಕೊಂದು ಸಲ ಬರುವವರು. ಒಲೆ ಮುಂದೆ ಹನ್ನೆರಡು ಗಂಟೆ ನಿಂತು ನಿಂತು ಅವರ ಪಾದ ಹಲಗೆಯ ಹಾಗೆ ಅಗಲವಾಗಿತ್ತು. ಹಿಮ್ಮಡಿಯ ಬಿರುಕಿನಲ್ಲಿ ಬೆರಳು ಹೋಗುತ್ತಿತ್ತು. ಮೊದಲ ಸಲ ಬಂದಾಗ ಕಾಲನ್ನು ಬೆಂಚಿನ ಕೆಳಗೆ ಮುಚ್ಚಿಟ್ಟುಕೊಂಡು, "ನೀನು ಮುಟ್ಟಬೇಡವ್ವ, ನಾನೇ ಹಾಕ್ಕೋತೀನಿ," ಎಂದಿದ್ದರು. ನಾನು ಎಳೆದು ತೊಡೆಯ ಮೇಲಿಟ್ಟುಕೊಂಡಿದ್ದೆ.

"ಇಲ್ಲಿದ್ಲಲ್ಲ ಒಬ್ಬಳು, ನಿನ್ನ ಹಾಗೇ ಇದ್ಲು. ಎಲ್ಲಿ ಅವಳು?" ಎಂದು ಅಡುಗೆಯಮ್ಮ ಕೇಳಿದರು.

ನಾನು ಏಣಿಯ ಮೇಲೇ ಕಿವಿಗೊಟ್ಟೆ.

ತಂಗಿ ಹೇಳಿದಳು, "ಅವರು ಕೆಲಸ ಬಿಟ್ಟು ಬಹಳ ದಿನ ಆಯ್ತು."

ನಡುಗಲಿಲ್ಲ ಅವಳ ದನಿ. ಹೇಳಿ ಹೇಳಿ ಪಳಗಿದ ದನಿ ಅದು.

"ಅಯ್ಯೋ, ಹೇಳದೆ ಹೋದ್ಲಾ?" ಎಂದರು ಅಡುಗೆಯಮ್ಮ. "ಸರಿ, ಇನ್ನೊಂದು ಸಲ ಬರ್ತೀನಿ ಬಿಡು."

ನಾನು ಏಣಿ ಇಳಿದೆ. ಕೈಯಲ್ಲಿದ್ದ ಡಬ್ಬ ಕೆಳಗಿಟ್ಟೆ. ಅಗಲ ಪಾದದವರಿಗೆಂದು ಬರುವ ಕಪ್ಪು ಶೂಗಳ ಸಾಲಿನಿಂದ ಒಂದು ಡಬ್ಬ ಎಳೆದುಕೊಂಡೆ. ತಾತ ನೋಡಿದರು.

"ಎಲ್ಲಿಗೆ?"

"ಮೇಲಕ್ಕೆ."

"ಮೇಲೆ ಹೋದ್ರೆ ಕೆಳಗೆ ಬರೋಕೂ ಜಾಗ ಇರಲ್ಲ, ನೋಡ್ಕೊ."

"ಬರೋಳ್ಯಾರು ತಾತ?"

ಹತ್ತೊಂಬತ್ತು ಮೆಟ್ಟಿಲು. ಬಾಗಿಲು ತಳ್ಳಿದೆ. ಬೆಳಕು ಕಣ್ಣು ಕುಕ್ಕಿತು. ಅಂಗಡಿಯ ತುಂಬ ಜನ. ಅಡುಗೆಯಮ್ಮ ಬಾಗಿಲ ಹತ್ತಿರ ಹೋಗಿದ್ದರು.

"ಅಮ್ಮಾ, ನಾನು ಬಿಟ್ಟಿಲ್ಲ. ಬನ್ನಿ, ಕೂತ್ಕೊಳ್ಳಿ," ಎಂದೆ. ನನ್ನ ದನಿ ನನಗೇ ದೊಡ್ಡದೆನ್ನಿಸಿತು.

ತಂಗಿ ಸ್ಟೂಲಿನಿಂದ ಎದ್ದು ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ. ನಾನು ಅವಳನ್ನು ನೋಡದೆ ಕೂತೆ.

ಅಡುಗೆಯಮ್ಮ ಬಂದು ಬೆಂಚಿನ ಮೇಲೆ ಕೂತರು. ನನ್ನ ತುಟಿ ನೋಡಿದರು. ಕೈ ನೋಡಿದರು. ಎತ್ತಿದ್ದ ಕಾಲನ್ನು ಹಿಂದಕ್ಕೆಳೆದರು. ಹೌದು, ಅವರೂ ಎಳೆದರು.

"ಇದು ಅಂಟುತ್ತಾ?" ನೇರವಾಗಿ ಕೇಳಿದರು.

"ಇಲ್ಲ."

"ನೋಯುತ್ತಾ?"

"ಇಲ್ಲ."

"ಹಾಗಾದ್ರೆ ಹಿಡ್ಕೊ," ಎಂದು ಕಾಲನ್ನು ನನ್ನ ತೊಡೆಯ ಮೇಲೆ ಹಾಕಿದರು.

ವರ್ಷಕ್ಕೆ ಹತ್ತಿರವಾಗುತ್ತಿತ್ತು ನಾನು ಒಂದು ಕಾಲು ಮುಟ್ಟಿ. ಬಿಸಿಯಾಗಿತ್ತು. ಒರಟಾಗಿತ್ತು. ಆ ಬಿರುಕುಗಳಲ್ಲಿ ಹಿಟ್ಟು ಕೂತಿತ್ತು. ನನ್ನ ಕೈಗೆ ಎಲ್ಲ ನೆನಪಿತ್ತು.

ಪಕ್ಕದ ಬೆಂಚಿನ ಹೆಂಗಸು ತನ್ನ ಮಗುವನ್ನು ಎತ್ತಿಕೊಂಡು ಆಚೆ ಸರಿದಳು. ಮ್ಯಾನೇಜರು ಬಂದರು. ಬಗ್ಗಿ, ನನ್ನ ಕಿವಿಯ ಬಳಿ, ಹಲ್ಲಿನ ನಡುವಿಂದ ಹೇಳಿದರು, "ಏಳಿ. ಕೆಳಗೆ ಹೋಗಿ."

"ಹೋಗಲ್ಲ."

"ಜನ ನೋಡ್ತಿದ್ದಾರೆ."

"ನೋಡ್ಲಿ ಅಂತಲೇ ಬಂದಿದ್ದೀನಿ."

ಅವರು ಕೌಂಟರಿನ ಹಿಂದೆ ಹೋಗಿ ಒಂದು ಜೊತೆ ಹಳದಿ ರಬ್ಬರ್ ಗ್ಲೌಸ್ ತಂದರು. ಕಕ್ಕಸು ತೊಳೆಯುವಾಗ ಹಾಕುವವು. ನನ್ನ ಮಡಿಲಿಗೆ, ಅಡುಗೆಯಮ್ಮನ ಕಾಲಿನ ಪಕ್ಕಕ್ಕೆ ಎಸೆದರು. "ಸರಿ, ಇದನ್ನ ಹಾಕ್ಕೊಂಡು ಮಾಡಿ. ಅಷ್ಟಾದ್ರೂ ಮಾಡಿ."

ಗ್ಲೌಸ್ ತೆಗೆದು ನೆಲದ ಮೇಲಿಟ್ಟೆ. "ನನ್ನ ಕೈಗೆ ರೋಗ ಇಲ್ಲ ಸಾರ್. ಮುಟ್ಟೋಕೆ ಹೆದರಿಕೆ ಇರೋರು ಹಾಕ್ಕೊಳ್ಳಿ."

ಅಡುಗೆಯಮ್ಮ ಕಿಸಕ್ಕನೆ ನಕ್ಕರು. ಮ್ಯಾನೇಜರ ಕಿವಿ ಕೆಂಪಾಯಿತು. ನನ್ನ ತಂಗಿಯ ಕಡೆ ತಿರುಗಿದರು. "ನೀನೇನು ನೋಡ್ತಾ ನಿಂತಿದ್ದೀಯಾ? ಅವಳನ್ನ ಎಬ್ಬಿಸಿ ನೀನು ಕೂತ್ಕೊ!"

ನಾನು ತಂದ ಶೂ ಅಷ್ಟರಲ್ಲಿ ಅಡುಗೆಯಮ್ಮನ ಕಾಲಿಗೇರಿತ್ತು. ಬೆರಳ ತುದಿ ಒತ್ತಿ ನೋಡಿದೆ. ಜಾಗ ಸಾಲದು. ಒಂದು ವರ್ಷದಲ್ಲಿ ಕಾಲು ಇನ್ನೂ ಅಗಲವಾಗಿತ್ತು. ತಲೆಯೆತ್ತದೆ ಹೇಳಿದೆ, "ಕಪ್ಪು, ಎಂಟು, ಅಗಲದ್ದು."

ಆಮೇಲೆ ನನ್ನ ತಂಗಿ ಹೆಜ್ಜೆ ಹಾಕಿದಳು. ನನ್ನ ಕಡೆಗಲ್ಲ. ಹಿಂದಿನ ಬಾಗಿಲು ತೆರೆದು ಮೆಟ್ಟಿಲಿಳಿದು ಗೋಡೌನಿಗೆ ಹೋದಳು.

ಸುಳ್ಳು ಹೇಳಲಾರೆ. ಅವಳು ಕೆಳಗಿಳಿಯುವ ಸದ್ದು ಕೇಳಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಅವಳು ನನಗಾಗಿ ಇಳಿದಳೆಂದಲ್ಲ. ಇಳಿದಳಲ್ಲ, ಅದಕ್ಕೆ.

ಬುಟ್ಟಿ ಮೇಲೆ ಬಂತು. ಎರಡೂ ಎಂಟೇ ಇದ್ದವು. ಅಡುಗೆಯಮ್ಮ ನಾಲ್ಕು ಹೆಜ್ಜೆ ನಡೆದರು. "ಹೂಂ," ಎಂದರು. ಅದಕ್ಕಿಂತ ಹೆಚ್ಚು ಹೇಳುವ ಜೀವವಲ್ಲ ಅದು. ನನಗೆ ಅಷ್ಟು ಸಾಕಾಗಿತ್ತು.

ಸಂಜೆ ಅಂಗಡಿಯ ಯಜಮಾನರು ಗಾಜಿನ ಕೋಣೆಗೆ ಕರೆಸಿದರು. ಕುರ್ಚಿ ಇತ್ತು; ಕೂರು ಎನ್ನಲಿಲ್ಲ.

"ನಿನ್ನ ಬಗ್ಗೆ ನನಗೆ ಕನಿಕರ ಇದೆ ಕಣಮ್ಮ."

"ಕನಿಕರ ನೀವೇ ಇಟ್ಕೊಳ್ಳಿ ಯಜಮಾನ್ರೆ. ನನ್ನ ಸ್ಟೂಲ್ ನನಗೆ ಕೊಡಿ."

"ಗಿರಾಕಿ ನಮಗೆ ದೇವರು. ದೇವರಿಗೆ ಹಿಡಿಸದ್ದನ್ನ ಮುಂದೆ ಇಡೋಕಾಗುತ್ತಾ?"

"ಹನ್ನೊಂದು ವರ್ಷ ನಾನು ಆ ದೇವರ ಆಣಿ ಮುಟ್ಟಿದ್ದೀನಿ, ಕೀವು ಮುಟ್ಟಿದ್ದೀನಿ. ಒಂದು ದಿನ ಅಸಹ್ಯ ಪಟ್ಟುಕೊಳ್ಳಲಿಲ್ಲ. ಈಗ ಅವರಿಗೆ ನನ್ನ ಚರ್ಮ ಹಿಡಿಸಲ್ವಾ?"

"ಹಾಗಾದ್ರೆ ನಾಳೆಯಿಂದ ಬರಬೇಡ."

"ಆಯ್ತು. ಬರೆದು ಕೊಡಿ. ಕೈ ಬೆಳ್ಳಗಾಯ್ತು ಅಂತ ಕೆಲಸದಿಂದ ತೆಗೆದಿದ್ದೀವಿ ಅಂತ ಬರೆದು ಸಹಿ ಹಾಕಿ. ನಿಮ್ಮ ಅಂಗಡಿ ಬಾಗಿಲಿಗೇ ಅಂಟಿಸ್ತೀನಿ. ಲೇಬರ್ ಕೋರ್ಟಿಗೂ ಒಂದು ಕೊಡ್ತೀನಿ."

ಪೆನ್ನು ಮೇಜಿನ ಮೇಲೇ ಇತ್ತು. ಅವರು ಅದನ್ನು ನೋಡಿದರು. ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರನ್ನು ನೋಡಿದರು. ಮ್ಯಾನೇಜರು ನೆಲ ನೋಡಿದರು. ಬಾಯಲ್ಲಿ ಸಲೀಸಾಗಿ ಬಂದ ಮಾತು ಕೈಯಲ್ಲಿ ಬರಲಿಲ್ಲ. ನಾನು ನಿಂತೇ ಇದ್ದೆ. ಕೊನೆಗೆ ಯಜಮಾನರು, "ಹೋಗು, ತಲೆ ತಿನ್ನಬೇಡ," ಎಂದರು. ಬಾ ಎನ್ನಲಿಲ್ಲ. ಬರಬೇಡ ಎಂದೂ ಎನ್ನಲಿಲ್ಲ.

ಮನೆಗೆ ಹೋಗುವಾಗ ಬಸ್ ನಿಲ್ದಾಣದಲ್ಲಿ ನಾನೇ ಕೇಳಿದೆ, "ನಾನು ಕೆಲಸ ಬಿಟ್ಟೆ ಅಂತ ಹೇಳು ಅಂದಿದ್ದು ಮ್ಯಾನೇಜರಾ?"

"ಮೊದಲನೇ ಸಲ ಅವರೇ," ಎಂದಳು ತಂಗಿ. "ಆಮೇಲೆ ನಾನೇ ಹೇಳ್ತಿದ್ದೆ."

"ಯಾಕೆ?"

"ದಿನಕ್ಕೆ ಮೂರು ಜನ ನಿನ್ನನ್ನ ಕೇಳ್ತಾರೆ ಅಕ್ಕ. ನಾನು ಕಾಲು ಹಿಡಿದ್ರೆ, 'ಅವಳು ಹೀಗೆ ಒತ್ತಿ ನೋಡ್ತಿದ್ಲು' ಅಂತಾರೆ. ಚೀಟಿಲಿ ನಿನ್ನ ಹೆಸರು ಬರೀತಾರೆ. ಹರಿದು ಬಿಸಾಕ್ತಿದ್ದೆ." ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟು. "ಲಾಂಡ್ರಿಲಿ ಎಂಟು ವರ್ಷ ಇದ್ದೆ. ಯಾರ ಬಟ್ಟೆ ಅಂತ ಒಂದು ದಿನ ಗೊತ್ತಾಗಲಿಲ್ಲ. ಈಗ ಒಂದಿಷ್ಟು ಜನ ನನ್ನ ಮುಖ ನೋಡಿ ನಗ್ತಾರೆ. ಅದಾದ್ರೂ ನನ್ನದಾಗಿ ಇರಲಿ ಅನ್ನಿಸ್ತು. ತಪ್ಪಾ?"

ತಪ್ಪು ಎನ್ನಲು ಬಾಯಿ ತೆರೆದೆ. ಆರು ಏಳರ ಆ ಡಬ್ಬ ನೆನಪಾಯಿತು. ಬಾಯಿ ಮುಚ್ಚಿದೆ. ಇಬ್ಬರಿಗೆ ಒಂದೇ ಸ್ಟೂಲು ಹಾಕಿ ಮೇಲೆ ಕೂತು ತಮಾಷೆ ನೋಡಿದವರು ಬೇರೆ. ನಾವು ಒಬ್ಬರನ್ನೊಬ್ಬರು ಪರಚಿಕೊಂಡಿದ್ದೆವು.

"ನಾಳೆ ಇನ್ನೊಂದು ಸ್ಟೂಲ್ ಹಾಕೋಣ," ಎಂದೆ.

"ಅವರು ಬಿಡ್ತಾರಾ?"

"ಕೇಳಿ ಹಾಕಿದ್ರೆ ಬಿಡಲ್ಲ."

ಮಾರನೇ ದಿನ ಬಾಗಿಲು ತೆರೆಯುವ ಮೊದಲೇ ಹಾಕಿದೆವು. ಗೋಡೌನಿನಲ್ಲಿದ್ದ ಹಳೆಯ ಸ್ಟೂಲಿಗೆ ಒಂದು ಕಾಲು ಸಡಿಲವಿತ್ತು; ತಾತ ಮೊಳೆ ಹೊಡೆದು ಕೊಟ್ಟರು. ಮ್ಯಾನೇಜರು ಬಂದು ನೋಡಿದರು, ಗೊಣಗಿದರು, ಒಳಗೆ ಹೋಗಿ ಫೋನ್ ಮಾಡಿದರು, ಹೊರಗೆ ಬರಲಿಲ್ಲ.

ಮೊದಲ ಗಿರಾಕಿ ಇಸ್ತ್ರಿ ಬಟ್ಟೆ ಹಾಕಿದ ಒಬ್ಬ ಗಂಡಸು. ನನ್ನ ಮುಂದೆ ಕೂತ. ಬೂಟಿನ ಲೇಸಿಗೆ ಕೈ ಹಾಕಿದೆ. ನನ್ನ ಬೆರಳು ನೋಡಿದ. ಎದ್ದು ನನ್ನ ತಂಗಿಯ ಮುಂದೆ ಹೋಗಿ ಕೂತ. ಅವಳು ನನ್ನ ಕಡೆ ನೋಡಿದಳು. ನಾನು ಮುಖ ತಿರುಗಿಸಿದೆ. ಅವಳು ಶೂ ಹಾಕಿಸಿದಳು. ಅವನು ನಡೆದು ನೋಡಿ, "ತುಂಬ ಚೆನ್ನಾಗಿದೆಯಮ್ಮ," ಎಂದು ಅವಳಿಗೆ ಹೇಳಿ ಹೋದ.

ನನ್ನ ಹೊಟ್ಟೆಯಲ್ಲಿ ಅದೇ ಕಿಚ್ಚು ಎದ್ದಿತು. ಎದ್ದು ಉರಿಯಲಿ. ಕೆಳಗಿನ ಕತ್ತಲೆಯಲ್ಲಿ ಅದು ನನ್ನನ್ನೇ ಸುಡುತ್ತಿತ್ತು. ಇಲ್ಲಿ ಅದು ನನ್ನ ಬೆನ್ನನ್ನು ನೆಟ್ಟಗೆ ಮಾಡಿತು. ತೋಳು ಮೇಲಕ್ಕೆ ಮಡಚಿದೆ. ಎರಡೂ ಕೈಗಳನ್ನು ಮಂಡಿಯ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡೆ.

"ಮುಂದಿನವರು ಬನ್ನಿ," ಎಂದೆ. ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.